ನಾನು ಸೋಲಬೇಕಿದ್ದ ಚರ್ಚೆ

ಅಥವಾ ಮಾಷ್ಟ್ರು ಆ ಪ್ರಶ್ನೆಯನ್ನು ಕೇಳಲೇ ಇಲ್ಲವೇನೋ. ಕೇಳಿದರು ಎಂದು ಎರಡು ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ಹೇಳುತ್ತ ಹೇಳುತ್ತ ಅದಕ್ಕೊಂದು ಜಾಗವೂ ಸಿಕ್ಕಿಬಿಟ್ಟಿದೆ: ಶಾಲೆಯ ಜಗಲಿ, ನೀರಿನ ನೀಲಿ ಡ್ರಮ್ಮು, ಚರ್ಚೆಗೆ ಮುಂಚಿನ ಮಧ್ಯಾಹ್ನದ ಬಿಸಿಲು. ಮಾಷ್ಟ್ರು ಎಲೆಯಡಿಕೆ ಕವಳ ಉಗಿದು ಬಂದು ಬಾಯಿ ಮುಕ್ಕಳಿಸುತ್ತ, "ಕೊನೆಗೆ ಒಪ್ಪೋದು ಯಾರು? ನೀನೋ, ನಾನೋ?" ಎನ್ನುತ್ತಾರೆ. ಮೊನ್ನೆ ಬೆಳಿಗ್ಗೆ ಹಲ್ಲುಜ್ಜುವಾಗ ಹೊಳೆಯಿತು, ಬಾಯಿ ಮುಕ್ಕಳಿಸುತ್ತ ಯಾರೂ ಪ್ರಶ್ನೆ ಕೇಳಲಾರರು. ಅಂದ ಮೇಲೆ ಆ ಚಿತ್ರದಲ್ಲಿ ಏನೋ ಸುಳ್ಳಿದೆ. ಮುಕ್ಕಳಿಸಿದ್ದು ಸುಳ್ಳೋ, ಕೇಳಿದ್ದು ಸುಳ್ಳೋ.

ಖಾತ್ರಿ ಇರುವುದನ್ನು ಮೊದಲು ಬರೆದುಬಿಡುತ್ತೇನೆ. ನನ್ನ ಅಕ್ಕನನ್ನು ಕೊಟ್ಟ ಊರು ಹೊಸನಗರದಿಂದ ಹುಂಚದ ಕಡೆ ಹೋಗುವ ದಾರಿಯಲ್ಲಿ ಇಳಿದು ಒಳಗೆ ನಡೆಯಬೇಕಾದದ್ದು. ಅಕ್ಕ ಅಲ್ಲಿಯ ಆಶಾ ಕಾರ್ಯಕರ್ತೆ. ಊರಿಗೆ ಸೇರಿದ ಎಂಟು ಮನೆಗಳು ಹಳ್ಳದ ಆಚೆ ಇವೆ. ನಡುವೆ ಸಂಕ. ಸಂಕ ಎಂದರೆ ಮೂರು ಮರದ ಕಾಂಡಗಳನ್ನು ಜೋಡಿಸಿ ಕಟ್ಟಿ, ಒಂದು ಬದಿಗೆ ಹಿಡಿದುಕೊಳ್ಳಲು ಬಿದಿರಿನ ಗಳ ಬಿಗಿದದ್ದು. ಪ್ರತಿ ವರ್ಷ ಊರವರೇ ಬಿಚ್ಚಿ ಮತ್ತೆ ಕಟ್ಟುತ್ತಾರೆ. ಆ ವರ್ಷ ಆಚೆಯ ಒಂದು ಮನೆಯಲ್ಲಿ ಚೊಚ್ಚಲ ಬಸುರಿಯೊಬ್ಬಳಿದ್ದಳು. ಅಕ್ಕನ ಪುಸ್ತಕದ ಪ್ರಕಾರ ಅವಳಿಗೆ ದಿನ ತುಂಬುವುದು ಆಷಾಢದಲ್ಲಿ, ಹಳ್ಳ ಸಂಕವನ್ನು ಮುಟ್ಟಿ ಹರಿಯುವ ಹೊತ್ತಿಗೆ.

ಸಿಮೆಂಟಿನ ಕಾಲುಸಂಕಕ್ಕಾಗಿ ಅಕ್ಕ ಮತ್ತು ಊರಿನ ಓದುಗರ ಕೂಟದವರು ಮೂರು ಸಲ ತಾಲೂಕಿನ ಇಂಜಿನಿಯರನ್ನು ಕಂಡು ಬಂದಿದ್ದರು. ಯಾವ ಹಳ್ಳಕ್ಕೆ ಸಂಕ ಬೇಕು ಎಂದು ಪಟ್ಟಿ ಬರೆದು ಮೇಲೆ ಕಳಿಸುವವರು ಅವರು. ಬಯಲುಸೀಮೆಯವರು, ಮೆತ್ತಗಿನ ಮನುಷ್ಯ, ಈ ಕಡೆ ಬಂದು ಆರು ತಿಂಗಳಾಗಿರಲಿಲ್ಲ. ಮೂರು ಸಲವೂ ಕುರ್ಚಿ ಹಾಕಿಸಿ, ಚಹಾ ತರಿಸಿ, "ಸರ್ಕಾರದತ್ರ ದುಡ್ಡಿಲ್ಲಮ್ಮ. ಇರೋದ್ರಾಗೆ ಹೊಂದಿಸ್ಬೇಕು" ಎಂದಿದ್ದರಂತೆ. ನಾಲ್ಕನೆಯ ಸಲಕ್ಕೆ ಕೂಟದವರಿಗೆ ಬೇರೆ ಉಪಾಯ ಹೊಳೆಯಿತು. ನಮ್ಮ ಕಡೆ ದೊಡ್ಡವರ ಮುಖಕ್ಕೆ ನೇರವಾಗಿ ಹೇಳಲಾಗದ್ದನ್ನು ಯಾವುದೋ ಪಾತ್ರದ ಬಾಯಲ್ಲಿ ಹೇಳಿಸುವ ರೂಢಿಯಿದೆ. ಇಂಜಿನಿಯರನ್ನು ಅಧ್ಯಕ್ಷರನ್ನಾಗಿ ಕರೆದು ಕೂರಿಸಿ ಎದುರಿಗೊಂದು ಚರ್ಚೆ ಇಡುವುದು. ಬಜೆಟ್ಟು ಮಂಡನೆಯಾಗಿ ವಾರ ಕಳೆದಿತ್ತು. ವಿಷಯ: ಸರ್ಕಾರ ಪ್ರತಿ ವರ್ಷ ತನ್ನ ಆದಾಯದೊಳಗೇ ಖರ್ಚು ಮಾಡಬೇಕೆಂದು ಕಾನೂನು ಇರಬೇಕೆ?

ಇರಬಾರದು ಎಂಬ ಕಡೆ ಗೆಲ್ಲಬೇಕು. ಗೆದ್ದ ಬಿಸಿಯಲ್ಲೇ ಇಂಜಿನಿಯರ ಕೈಗೆ ಮನವಿ ಕೊಡಬೇಕು. ಇದು ಯೋಜನೆ.

ನಾನು ಸಾಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅತಿಥಿ ಉಪನ್ಯಾಸಕಿ. ಅಕ್ಕ ಫೋನು ಮಾಡಿದಳು.

"ಇರ್ಬೇಕು ಅನ್ನೋ ಕಡೆಗೆ ನೀನು. ಬ್ಯಾಡ ಅನ್ನೋ ಕಡೆಗೆ ನಮ್ಮ ಮಾಷ್ಟ್ರು."

"ನಾನ್ಯಾಕೆ ಆ ಕಡೆಗೆ? ನಂಗೇನೂ ಹಂಗೆ ಅನ್ಸಲ್ಲ."

"ಅನ್ಸದೇ ಇದ್ರೆ ಒಳ್ಳೇದೇ ಆಯ್ತು. ಸೋಲಕ್ಕೆ ಸುಲಭ."

"ಸೋಲಕ್ಕೆ ಅಲ್ಲೀವರೆಗೂ ಬರ್ಬೇಕಾ?"

"ಬಾ ಮಾರಾಯ್ತಿ. ಹೆಚ್ಚು ಓದ್ಕಂಡ್ ಬರ್ಬೇಡ, ಅಷ್ಟೇ. ನಿಂಗೆ ಸಣ್ಣೋಳಿದ್ದಾಗ್ಲೂ ಸೋಲಕ್ಕೆ ಗೊತ್ತಿರ್ಲಿಲ್ಲ. ಚೌಕಾಬಾರದಾಗೆ ಕವಡೆ ಬಚ್ಚಿಟ್ಕಂಡೋಳು."

ಕವಡೆ ಬಚ್ಚಿಟ್ಟುಕೊಂಡವಳು ಅವಳು. ನನಗೆ ಹಾಗೆ ನೆನಪು.

ಆದರೆ ನಾನು ಓದಿಕೊಂಡು ಹೋದೆ. ಮೂರು ದಿನ ಬೇರೇನೂ ಮಾಡಲಿಲ್ಲ. ಯಾಕೆ ಎಂದು ಕೇಳಿಕೊಂಡರೆ ಒಂದೊಂದು ದಿನ ಒಂದೊಂದು ಉತ್ತರ ಬರುತ್ತದೆ. ಸುಮ್ಮನೆ ಸೋತರೆ ಗೆದ್ದವರಿಗೂ ಬೆಲೆಯಿರುವುದಿಲ್ಲ, ಗಟ್ಟಿಯಾಗಿ ವಾದಿಸಿ ಸೋಲಬೇಕು, ಇದು ಒಂದು ಉತ್ತರ. ಮಾಷ್ಟ್ರು ನಾಲ್ಕನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಬಾಯಿಪಾಠ ಮಾಡಿಸಿದವರು, ಅವರೆದುರು ದಡ್ಡಿಯ ಹಾಗೆ ನಿಲ್ಲಲು ಮನಸ್ಸಾಗಲಿಲ್ಲ, ಇದು ಇನ್ನೊಂದು. ಮೂರನೆಯದನ್ನು ಬರೆಯುವುದಿಲ್ಲ.

ಭಾನುವಾರ ಸಿಕ್ಕಿದ್ದು ಸರ್ಕಾರಿ ಬಸ್ಸು. ನಮ್ಮ ದಾರಿಗಳಲ್ಲಿ ಓಡುವುದೆಲ್ಲ ಖಾಸಗಿ ಬಸ್ಸು, ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಯೋಗ ಬರುವುದು ಅಪರೂಪಕ್ಕೆ. ಇಳಿಯುವಾಗ ನನ್ನ ಕೈಯಲ್ಲಿದ್ದ ಸೊನ್ನೆ ರೂಪಾಯಿಯ ಚೀಟಿ ನೋಡಿ ಅಕ್ಕ ನಕ್ಕಳು.

"ಪುಕ್ಕಟೆ ಬಂದು, ಸರ್ಕಾರ ಖರ್ಚು ಮಾಡ್ಬಾರ್ದು ಅಂತ ಭಾಷಣ ಮಾಡ್ತೀಯ. ಹರಿದು ಬಿಸಾಕೇ, ಯಾರಾದ್ರೂ ನೋಡ್ತಾರೆ."

ಶಾಲೆಯಲ್ಲಿ ನಲವತ್ತು ಜನರಿದ್ದಿರಬಹುದು. ಮಾಷ್ಟ್ರು ತೀರ್ಥಹಳ್ಳಿಯಿಂದ ಯಾರದೋ ಬೈಕಿನ ಹಿಂದೆ ಕೂತು ಬಂದಿದ್ದರು. ನಿವೃತ್ತರಾದ ಮೇಲೆ ಅವರು ಅಲ್ಲಿಯೇ ಇದ್ದಾರೆ. ಮೇಷ್ಟರಾಗಿ ಅವರ ಹೆಸರು ಮೂರು ಊರಿನಲ್ಲಿದ್ದರೆ, ತಾಳಮದ್ದಳೆಯ ಅರ್ಥಧಾರಿಯಾಗಿ ಮೂರು ತಾಲೂಕಿನಲ್ಲಿತ್ತು. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ಮಾತಿನಲ್ಲಿ ಪಾತ್ರವಾಗುವ ಕಲೆ ಅದು. ಭಾಗವತರು ಹಾಡಿದ ಪದ್ಯಕ್ಕೆ ಅಲ್ಲೇ ಮಾತು ಹುಟ್ಟಿಸಿ ಎದುರಿನವನೊಡನೆ ವಾದಿಸಬೇಕು. ಎಷ್ಟು ವಾದಿಸಿದರೂ ಕಥೆ ಬದಲಾಗುವಂತಿಲ್ಲ. ಸಾಯಬೇಕಾದವನು ಕೊನೆಗೆ ಸಾಯಲೇಬೇಕು, ಒಪ್ಪಬೇಕಾದವನು ಒಪ್ಪಲೇಬೇಕು. ಆ ಒಪ್ಪುವ, ಸಾಯುವ ಪಾತ್ರಗಳಿಗೆ ನಮ್ಮ ಮಾಷ್ಟ್ರೇ ಆಗಬೇಕು ಎಂದು ಜನ ಕಾಯುತ್ತಿದ್ದರು. ಎದುರಿನ ದೇವರ ಬೆವರಿಳಿಸಿ, ಉತ್ತರವಿಲ್ಲದ ಹಾಗೆ ಮಾಡಿ, ಆಮೇಲೆ ತಾವಾಗಿ ತಲೆಬಾಗುತ್ತಿದ್ದರು. ಮನೆಗೆ ಹೋಗುವಾಗ ಜನ ಆಡಿಕೊಳ್ಳುತ್ತಿದ್ದುದು ಗೆದ್ದ ದೇವರ ಮಾತನ್ನಲ್ಲ.

ಮಾಷ್ಟ್ರು ಮೊದಲು ಮಾತಾಡಿದರು. ಪೂರ್ತಿ ನೆನಪಿಲ್ಲ. ಬರೆಯಹೊರಟರೆ ಅವರಿಗಿಂತ ನಾನೇ ಚೆನ್ನಾಗಿ ಬರೆದುಬಿಡುತ್ತೇನೋ ಎಂಬ ಅಂಜಿಕೆಯೂ ಇದೆ. ಎರಡು ಮಾತು ಮಾತ್ರ ಅವರವೇ. ಮೊದಲನೆಯದು, "ಅಡಿಕೆಗೆ ಕೊಳೆರೋಗ ಬಂದು ಫಸಲು ಹೋದ ವರ್ಷವೇ ಮನೇಲಿ ಜ್ವರ ಬರುತ್ತೆ. ಆದಾಯ ಕಡಿಮೆ, ಆದ್ದರಿಂದ ಈ ವರ್ಷ ಔಷಧಿ ತರುವಂತಿಲ್ಲ ಅಂತ ಮನೆಯ ಬಾಗಿಲಿಗೆ ಕಾನೂನು ಬರೆದು ಅಂಟಿಸುತ್ತೀರಾ?" ಎರಡನೆಯದು ಸಂಕದ್ದು. ಸಂಕ ಒಂದು ವರ್ಷದ ಖರ್ಚಲ್ಲ. ಕಟ್ಟಿದರೆ ನಲವತ್ತು ವರ್ಷ ಜನ ಅದರ ಮೇಲೆ ದಾಟುತ್ತಾರೆ. ನಲವತ್ತು ವರ್ಷ ದಾಟುವುದಕ್ಕೆ ಒಂದೇ ವರ್ಷದವರ ಜೇಬಿನಿಂದ ಯಾಕೆ ಕೊಡಬೇಕು? ಸಾಲ ಮಾಡಲಿ, ದಾಟುವವರು ದಾಟಿದ ಹಾಗೆ ತೀರಿಸಲಿ.

ಇಂಜಿನಿಯರು ತಲೆಯಾಡಿಸಿದರು. ಅಕ್ಕ ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ಅಲ್ಲಿಗೆ ನಾನು ತಡವರಿಸಿದ್ದರೆ ಸಾಕಿತ್ತು.

ನಾನು ಎದ್ದು ನಿಂತೆ. ಮನೆಯ ಯಜಮಾನ ಮಾಡಿದ ಸಾಲ ಅವನ ಮಕ್ಕಳನ್ನು ಹುಡುಕಿಕೊಂಡು ಬರುತ್ತದೆ, ಆದರೆ ಮಕ್ಕಳು ಅದನ್ನು ಕಣ್ಣಾರೆ ನೋಡಿರುತ್ತಾರೆ, ಬೇಡ ಎಂದು ಜಗಳವಾಡಿರುತ್ತಾರೆ. ಸರ್ಕಾರದ ಸಾಲ ತೀರಿಸುವವರು ಇನ್ನೂ ಹುಟ್ಟಿಲ್ಲ, ಅವರಿಗೆ ಓಟಿಲ್ಲ ಎಂದೆ. ಇದು ಪುಸ್ತಕದಿಂದ ಎತ್ತಿದ್ದು. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಆದರೆ ಮಾಷ್ಟ್ರ ಸಂಕದ ಮಾತಿಗೆ ಉತ್ತರ ಕೊಡಬೇಕೆನ್ನಿಸಿತು. ಆ ಉತ್ತರ ಎಲ್ಲೂ ಓದಿದ್ದಲ್ಲ, ನಿಂತಲ್ಲೇ ಬಂತು.

"ದಾಟುವವರು ತೀರಿಸಲಿ, ಸರಿ. ಆದರೆ ಸಾಲದ ಹಣ ಸಂಕಕ್ಕೇ ಬರುತ್ತದೆ ಎಂದು ನಿಮಗೆ ಯಾರು ಹೇಳಿದರು? ಕಟ್ಟುಪಾಡು ಇಲ್ಲದ ಕಡೆ ಹಣ ಮೊದಲು ಹೋಗುವುದು ಗಟ್ಟಿ ಗಂಟಲಿರುವ ಊರಿಗೆ. ಹಳ್ಳದ ಆಚೆ ಇರುವುದು ಎಂಟು ಮನೆ. ಎಂಟು ಮನೆಯ ಗಂಟಲು ಎಷ್ಟು ದೂರ ಕೇಳುತ್ತದೆ? ಇಷ್ಟೇ ಇದೆ, ಯಾರಿಗೆ ಮೊದಲು ಎಂದು ಎಲ್ಲರೆದುರು ಹೇಳಿ ಎಂದು ಸರ್ಕಾರವನ್ನು ಕಟ್ಟಿಹಾಕಿದರೆ ಮಾತ್ರ ಎಂಟು ಮನೆಯ ಸರದಿ ಬಂದೀತು. ಎಲ್ಲರಿಗೂ ಕೊಡುತ್ತೇವೆ ಎನ್ನುವವನ ಪಟ್ಟಿಯಲ್ಲಿ ನಾವು ಯಾವತ್ತೂ ಕೊನೆ."

ಅಷ್ಟು ಹೇಳಿ ಕೂತೆ. ನನಗೆ ಖುಷಿಯಾಯಿತು. ಆ ಖುಷಿಯ ಬಗ್ಗೆ ನನಗೆ ಯಾವ ಅನುಮಾನವೂ ಇಲ್ಲ.

ಆಗ ಮಾಷ್ಟ್ರು ಎದ್ದರು. ಇನ್ನೊಂದು ಸುತ್ತು ಅವರಿಗಿತ್ತು, ಕೊನೆಯ ಮಾತು ಅವರದೇ. ಹೆಗಲ ಮೇಲಿನ ಶಲ್ಯ ತೆಗೆದು ಎರಡೂ ಕೈಯಲ್ಲಿ ಹಿಡಿದುಕೊಂಡರು. ದನಿ ಇಳಿಯಿತು, ಭಾಷೆ ಏರಿತು.

"ನ್ಯಾಯವು ನನ್ನ ಪಕ್ಷದಲ್ಲಿದೆ ಎಂದು ಭ್ರಮಿಸಿದ್ದೆ. ಮಗಳೇ, ನಿನ್ನ ಮಾತಿನಿಂದ ಕಣ್ಣು ತೆರೆಯಿತು. ಇಲ್ಲದುದನ್ನು ಕೊಡು ಎಂದು ಪ್ರಭುವನ್ನು ಪೀಡಿಸುವುದು ಪ್ರಜೆಗೆ ಧರ್ಮವಲ್ಲ. ಇದ್ದುದರಲ್ಲಿ ಆಳು ಎಂಬ ಕಟ್ಟಳೆಗೆ ನಾನು ತಲೆಬಾಗಿದೆ. ಒಪ್ಪಿದೆ."

ಅವತ್ತು ಚಪ್ಪಾಳೆ ಬಿದ್ದ ಹಾಗೆ ಆ ಶಾಲೆಯಲ್ಲಿ ಇನ್ನೊಮ್ಮೆ ಬಿದ್ದಿರಲಿಕ್ಕಿಲ್ಲ. ಮುಂದಿನ ಸಾಲಿನ ಅಜ್ಜನೊಬ್ಬ ಕಣ್ಣೊರೆಸಿಕೊಂಡ. ನಾನೂ ಚಪ್ಪಾಳೆ ತಟ್ಟಿದೆ. ಮಾಷ್ಟ್ರು ಗೆದ್ದರು ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ನನಗೂ. ಅಷ್ಟು ದೊಡ್ಡದಾಗಿ ಒಪ್ಪಬಲ್ಲವನ ವಾದ ಸೋತದ್ದಲ್ಲ. ಇದನ್ನು ನಮ್ಮವರಿಗೆ ಯಾರೂ ವಿವರಿಸಬೇಕಾಗಿಲ್ಲ.

ವಿವರಿಸಬೇಕಾದವರು ಅಧ್ಯಕ್ಷರ ಕುರ್ಚಿಯಲ್ಲಿದ್ದರು. ಅವರ ಮುಖದಲ್ಲಿ ನಿಜವಾದ ಸಮಾಧಾನ ಕಂಡಿತು. ಭಾಷಣ ಚಿಕ್ಕದು. "ಎಲ್ಲಾ ಊರಾಗೂ ಕೊಡ್ರಿ ಕೊಡ್ರಿ ಅಂತಾರೆ. ಇಲ್ಲದ್ದನ್ನ ಕೇಳಬಾರ್ದು ಅಂತ ನೀವೇ ಚರ್ಚೆ ಮಾಡಿ ತೀರ್ಮಾನಕ್ಕೆ ಬಂದೀರಿ. ದೊಡ್ಡ ಮನಸ್ಸು ನಿಮ್ದು. ಹಿರಿಯರು ಒಪ್ಪಿಕೊಂಡಿದ್ದು ನೋಡಿ ನನಗೆ ಮಾತೇ ಬರ್ತಿಲ್ಲ."

ಅಕ್ಕ ಮನವಿ ಹಿಡಿದು ಹತ್ತಿರ ಹೋದಳು. ನಾನು ಹಿಂದೆಯೇ ಇದ್ದೆ.

"ಸಾರ್, ನಮ್ಮ ಸಂಕದ್ದು."

"ಅಲ್ಲಮ್ಮಾ, ನಿಮ್ಮೋರೇ ಒಪ್ಕೊಂಡ್ರಲ್ಲ!" ಎಂದರು. ಕುಹಕವಿರಲಿಲ್ಲ, ನಿಜವಾಗಿಯೂ ಗೊಂದಲವಾಗಿತ್ತು ಅವರಿಗೆ. ಆದರೂ ಹಾಳೆಯನ್ನು ತೆಗೆದುಕೊಂಡು ಮಡಿಸಿ ಬ್ಯಾಗಿಗೆ ಹಾಕಿಕೊಂಡರು. ನಾಲ್ಕು ಮಡಿಕೆ. ಎರಡಿರಬಹುದು.

"ಸಾರ್, ಅದು ಹಂಗಲ್ಲ, ಅವ್ರು ಒಪ್ಪಿದ್ದು..." ಎಂದು ಅಕ್ಕ ಶುರು ಮಾಡಿ ನನ್ನತ್ತ ತಿರುಗಿದಳು. ಅರ್ಥಶಾಸ್ತ್ರ ಓದಿದವಳು ನಾನು, ಬಿಡಿಸಿ ಹೇಳಬೇಕಾದವಳು ನಾನು. ಸಾರ್, ನಮ್ಮಲ್ಲಿ ಸೋತೆ ಎಂದವರು ಗೆದ್ದಿರುತ್ತಾರೆ ಎಂದು ಸರ್ಕಾರಿ ಇಂಜಿನಿಯರಿಗೆ ಹೇಗೆ ಹೇಳುವುದು? ನಾನು, "ಬರ್ತಾ ಇರಿ ಸಾರ್" ಎಂದೆ.

ಬಸ್ಸಿಗೆ ಕಾಯುವಾಗ ಕೂಟದವರ ಸಂಭ್ರಮವೋ ಸಂಭ್ರಮ. "ಎಂತ ಒಪ್ಪಿದ್ರು ಮಾರಾಯ! ಆ ಶಾಲು ತೆಗ್ದಿದ್ದು ನೋಡ್ದ್ಯಾ?" "ಇಂಜಿನಿಯರಿಗೇ ಮಾತು ಬರ್ಲಿಲ್ಲ." "ಸಂಕ ಆಯ್ತು ಅಂತ್ಲೇ ಲೆಕ್ಕ ಬಿಡು." ಅಕ್ಕ ಒಬ್ಬಳೇ ರಸ್ತೆಯ ಆ ಬದಿಗೆ ನಿಂತಿದ್ದಳು.

ಇದನ್ನೆಲ್ಲ ಓದಿ ನೋಡಿದೆ. ಒಂದಕ್ಕೊಂದು ಇಷ್ಟು ಚೆನ್ನಾಗಿ ಕೂತಿರುವುದೇ ಸಂಶಯ. ಕೂಟದ ವಾಟ್ಸಾಪ್ ಗುಂಪಿನಲ್ಲಿ ಒಂದು ವಿಡಿಯೋ ಇದೆ, ಎರಡು ನಿಮಿಷಕ್ಕೂ ಕಡಿಮೆ. ಅದರಲ್ಲಿ ಮಾಷ್ಟ್ರು ಶಲ್ಯವನ್ನು ಎರಡು ಕೈಯಲ್ಲಿ ಹಿಡಿದಿಲ್ಲ, ಹೆಗಲ ಮೇಲೆಯೇ ಇದೆ. "ಒಪ್ಪಿದೆ" ಎಂಬುದು ಕೇಳುತ್ತದೆ, "ಮಗಳೇ" ಎಂಬುದು ಕೇಳುವುದಿಲ್ಲ. ಅಂದು ಸಂಜೆಯೇ ಶಲ್ಯ ತೆಗೆದದ್ದನ್ನು ನೋಡಿದೆಯಾ ಎಂದು ಕೇಳಿದ ಮನುಷ್ಯ ವಿಡಿಯೋ ಮಾಡಿದವನೇ.

ಮೇ ತಿಂಗಳಲ್ಲಿ ಮಂಜೂರಾದ ಸಂಕಗಳ ಪಟ್ಟಿ ಬಂತು. ನಮ್ಮ ಹಳ್ಳ ಅದರಲ್ಲಿರಲಿಲ್ಲ.

ಅಕ್ಕ ಫೋನಿನಲ್ಲಿ ಬೈಯಲಿಲ್ಲ. ಬಸುರಿಯನ್ನು ಮಳೆ ಹಿಡಿಯುವ ಮೊದಲೇ ತನ್ನ ಮನೆಗೆ ಕರೆತಂದು ಇಟ್ಟುಕೊಳ್ಳುತ್ತೇನೆ ಎಂದಳು. ಹುಡುಗಿಯ ಅತ್ತೆ ಒಪ್ಪಲಿಲ್ಲ. ನಮ್ಮ ಸೊಸೆ ಇನ್ನೊಬ್ಬರ ಮನೆಯಲ್ಲಿ ಯಾಕೆ ಉಣ್ಣಬೇಕು ಎಂದು ಹಟ. ದಿನಾ ಹೋಗಿ ಕೇಳಿದರೂ ಇವತ್ತು ನಾಳೆ ಎಂದು ತಳ್ಳಿದರು. ಅಷ್ಟರಲ್ಲಿ ಹಳ್ಳ ಏರಿತು. ನೋವು ಕಾಣಿಸಿಕೊಂಡದ್ದು ಒಂದು ಬೆಳಿಗ್ಗೆ, ಹೇಳಿದ ದಿನಕ್ಕಿಂತ ಮೊದಲೇ. ಅಕ್ಕ ಅವಳನ್ನು ಸಂಕದ ಮೇಲೆ ನಡೆಸಿಕೊಂಡು ಬಂದಳು. ಅಕ್ಕ ಮುಂದೆ, ಹಿಮ್ಮುಖವಾಗಿ ನಡೆಯುತ್ತ, ಅವಳ ಎರಡೂ ಕೈ ಹಿಡಿದುಕೊಂಡು. ಹಿಂದಿನಿಂದ ಗಂಡ ಸೊಂಟ ಹಿಡಿದಿದ್ದ. ಹಿಡಿದುಕೊಳ್ಳುವ ಗಳಕ್ಕೆ ಯಾರ ಕೈಯೂ ಖಾಲಿ ಇರಲಿಲ್ಲ. ನಡುವೆ ನೋವು ಬಂದು ಹುಡುಗಿ ನಿಂತುಬಿಟ್ಟಳು. ನೋವು ಇಳಿಯುವವರೆಗೆ ಮೂವರೂ ನೀರಿನ ಮೇಲೆ ಹಾಗೇ ನಿಂತಿದ್ದರು. ಎಷ್ಟು ಹೊತ್ತು ಎಂದು ಅಕ್ಕನನ್ನು ಕೇಳಿದೆ. "ನಂಗೆಂತ ಗೊತ್ತು, ಗಡಿಯಾರ ನೋಡಕ್ಕೆ ಕೈ ಎಲ್ಲಿತ್ತು?" ಎಂದಳು.

ದಾಟಿದರು. ಆಸ್ಪತ್ರೆ ಮುಟ್ಟಿದರು. ಗಂಡು ಮಗು, ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು, ಈಗಲೂ ಇದ್ದಾರೆ. ಹಾಗಾಗಿ ಇದನ್ನು ಹೇಳಿದರೆ ಕೇಳಿದವರು, ಏನೂ ಆಗಲಿಲ್ಲವಲ್ಲ, ಪುಣ್ಯ ಎನ್ನುತ್ತಾರೆ.

ಆಗಿದ್ದನ್ನು ನಾನು ದಸರೆ ರಜೆಯಲ್ಲಿ ಹೋದಾಗ ನೋಡಿದೆ. ಮೊದಲೆಲ್ಲ ತಲೆಯ ಮೇಲೆ ಚೀಲ ಹೊತ್ತು, ಗಳ ಮುಟ್ಟದೆ ದಾಟುತ್ತಿದ್ದ ನನ್ನ ಅಕ್ಕ ಸಂಕದ ಹತ್ತಿರ ಬಂದು ಚಪ್ಪಲಿ ಕಳಚಿ ಚೀಲಕ್ಕೆ ಹಾಕಿದಳು. ಆಮೇಲೆ ಕುಳಿತುಕೊಂಡಳು. ಮೂರು ಕಾಂಡಗಳ ಎರಡೂ ಬದಿಗೆ ಕಾಲು ಇಳಿಬಿಟ್ಟು, ಕೈಯೂರಿ, ಸ್ವಲ್ಪ ಸ್ವಲ್ಪವೇ ಮುಂದೆ ಸರಿದು ಆಚೆ ಮುಟ್ಟಿದಳು. ಹಳ್ಳದಲ್ಲಿ ಆಗ ಮೊಣಕಾಲಷ್ಟೂ ನೀರಿರಲಿಲ್ಲ. ಸೀರೆಗೆ ಹತ್ತಿದ ಪಾಚಿಯನ್ನು ಕೊಡವಿಕೊಂಡು, "ನೀ ನಡ್ಕಂಡೇ ಬಾರೆ, ಎಂತ ನೋಡ್ತೀಯ" ಎಂದಳು. ಆಚೆಯ ಮಕ್ಕಳು ಆಶಕ್ಕ ತೆವಳಿಕೊಂಡು ಬರುತ್ತಾರೆ ಎಂದು ನಗುತ್ತಾರಂತೆ. ಅವಳೂ ನಗುತ್ತಾಳೆ.

ಆ ವಾರವೇ ನಾನು ತೀರ್ಥಹಳ್ಳಿಗೆ ಹೋದೆ, ಮಾಷ್ಟ್ರನ್ನು ಕೇಳಲು. ಬಾಗಿಲಲ್ಲಿ ಕಂಡ ಕೂಡಲೇ ಒಳಗೆ ಕೂಗಿದರು, "ಮಜ್ಜಿಗೆ ತಗಂಡ್ ಬಾರೆ, ಬಿಸ್ಲಾಗೆ ಬೈಂದು ಕೂಸು." ಹುಡುಗಿ ಬಿಸಿಲಲ್ಲಿ ಬಂದಿದ್ದಾಳೆ ಎಂದು. ಅವರ ಮನೆಮಾತು ನನ್ನ ಮನೆಯ ಮಾತಲ್ಲ, ನನ್ನೊಡನೆ ಶಾಲೆಯ ಕನ್ನಡವನ್ನೇ ಆಡುತ್ತಾರೆ.

"ಅವತ್ತು ನೀವು ಯಾಕೆ ಒಪ್ಪಿದ್ರಿ ಮಾಷ್ಟ್ರೇ?"

"ಒಪ್ಪದೇ ಇನ್ನೇನು ಮಾಡ್ಲಿ? ಕೊನೇ ಮಾತು ನಂಗೆ ಇಟ್ಟಿದ್ರು. ಕೊನೇ ಮಾತು ಒಪ್ಪೋನಿಗೆ ತಾನೆ ಇಡೋದು?"

"ಚರ್ಚೆಯಲ್ಲಿ ಹಾಗಲ್ಲ ಮಾಷ್ಟ್ರೇ. ಮೊದಲು ಮಾತಾಡಿದವರಿಗೇ ಕೊನೆಯಲ್ಲಿ ಉತ್ತರ ಕೊಡೋ ಅವಕಾಶ."

"ಹೌದಾ?" ಎಂದರು. ಶಲ್ಯದ ಅಂಚನ್ನು ಸುರುಳಿ ಸುತ್ತಿದರು. "ನಾನೇ ಗೆದ್ದೆ ಅಂದ್ರು ಎಲ್ಲರೂ."

"ನಾನು ಕೊನೆಗೆ ಹೇಳಿದ್ದಕ್ಕೆ, ಎಂಟು ಮನೆ ಗಂಟಲಿನ ಮಾತಿಗೆ, ನಿಮ್ಮತ್ರ ಉತ್ತರ ಇತ್ತಾ?"

ಮಜ್ಜಿಗೆ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ನಕ್ಕರು. "ಮನೇಲಿ ಇವು ಒಂದಿನ ಸೋತಿದ್ದು ನಾ ಕಂಡಿದ್ದಿಲ್ಲೆ. ನೀ ಎಂತ ಹೇಳಿ ಸೋಲ್ಸಿದ್ಯೇ, ನಂಗೂ ಹೇಳ್ಕೊಡು."

ಮಾಷ್ಟ್ರೂ ನಕ್ಕರು. ಸಂಕ ಆಯಿತೇ ಎಂದು ಕೇಳಿದರು. ಆಗಲಿಲ್ಲ ಎಂದೆ. ಅಕ್ಕ ಕೂತು ದಾಟುವುದನ್ನು ಹೇಳಬೇಕೆಂದೂ ಹೋಗಿದ್ದೆ. ಹೇಳಲಿಲ್ಲ. ಮಜ್ಜಿಗೆ ಕುಡಿದು ಬಂದೆ.

ಈಗ ಅದೇ ಪಾಠವನ್ನು ಪ್ರತಿ ವರ್ಷ ಮಾಡುತ್ತೇನೆ. ವಿತ್ತೀಯ ಕೊರತೆ, ಅದರ ಮಿತಿ, ಪರ, ವಿರೋಧ. ಒಂದು ವರ್ಷ ಮಾಷ್ಟ್ರ ಸಂಕದ ವಾದ ಸರಿ ಅನ್ನಿಸುತ್ತದೆ, ಇನ್ನೊಂದು ವರ್ಷ ನನ್ನ ಗಂಟಲಿನ ವಾದ. ಇಂಜಿನಿಯರಿಗೆ ವರ್ಗವಾಯಿತು. ಹೋಗುವ ಮೊದಲು ಹೊಸನಗರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದ್ದರು, ಗುರುತು ಹಿಡಿದು ತಾವೇ ಮಾತಾಡಿಸಿದರು. "ಮೇಡಂ, ಆ ವರ್ಷದ ಪಟ್ಟಿ ನಿಮ್ಮ ಕಾರ್ಯಕ್ರಮಕ್ಕೂ ಮೊದಲೇ ಹೋಗಿತ್ತೋ ಏನೋ" ಎಂದರು. ಹೋಗಿತ್ತು ಎನ್ನಲಿಲ್ಲ, ಹೋಗಿತ್ತೋ ಏನೋ ಎಂದರು. ನನಗೆ ಸಮಾಧಾನ ಹೇಳಲು ಅಂದರೋ, ತಮಗೇ ಹೇಳಿಕೊಂಡರೋ ತಿಳಿಯುವ ಮೊದಲೇ ಅವರ ಬಸ್ಸು ಬಂತು.

ಮಾಹಿತಿ ಹಕ್ಕಿನ ಅರ್ಜಿ ಬರೆದಿಟ್ಟಿದ್ದೇನೆ. ಹತ್ತು ರೂಪಾಯಿ ಕಟ್ಟಿ ಕೊಟ್ಟರೆ ಇಂಜಿನಿಯರು ಕಳಿಸಿದ ಪಟ್ಟಿಯ ಮೇಲಿನ ದಿನಾಂಕ ಸಿಗುತ್ತದೆ. ಕೊಟ್ಟಿಲ್ಲ. ಪಟ್ಟಿ ಮೊದಲೇ ಹೋಗಿದ್ದರೆ ನಾನು ಗೆದ್ದದ್ದಕ್ಕೂ ಅಕ್ಕ ಕೂತು ದಾಟುವುದಕ್ಕೂ ಸಂಬಂಧವಿಲ್ಲ. ಆಮೇಲೆ ಹೋಗಿದ್ದರೆ ಇದೆ. ಅದು ಯಾವ ದಿನ ಹೋಯಿತು ಎಂದು ನನಗೆ ಗೊತ್ತಿಲ್ಲ.